ಚುರಮುರಿ ಇಟ್ಟು ಸಪ್ಪಳ ಹಿಡಿದವರು

ಅವರು ಮನೆಗೆ ಬಂದರೆ ಮೊದಲು ಬೇಡುತ್ತಿದ್ದದ್ದು ಒಂದು ಮುಷ್ಟಿ ಚುರಮುರಿ. ಚಹಾ ಬೇಡ, ಕುರ್ಚಿ ಬೇಡ. ಫರಸಿ ನೆಲದ ಮೇಲೆ ಕಾಲು ಮಡಚಿ ಕೂತು, ಸ್ಪೀಕರನ್ನು ಕೂಸಿನ ಹಾಗೆ ಅಂಗಾತ ಮಲಗಿಸಿ, ಅದರ ಮುಖದ ಜಾಳಿಗೆ ಬಿಚ್ಚಿ, ಒಳಗಿನ ಕರಿ ಕಾಗದದ ಬಟ್ಟಲಿಗೆ ಹತ್ತು ಹನ್ನೆರಡು ಕಾಳು ಚುರಮುರಿ ಉದುರಿಸುತ್ತಿದ್ದರು. ಉಳಿದದ್ದು ಬಾಯಿಗೆ. ಹಾಡು ಹಚ್ಚುತ್ತಿರಲಿಲ್ಲ. ಬಟನ್ ಒತ್ತಿ ಸುಮ್ಮನೆ ಆ ಕಾಳುಗಳನ್ನೇ ನೋಡುತ್ತ ಕೂಡುತ್ತಿದ್ದರು. ಡಬ್ಬಿಯಲ್ಲಿ ಗುಂಯ್ ಎನ್ನುವ ಸಪ್ಪಳವಿದ್ದರೆ ಕಾಳುಗಳು ಚಳಿ ಹತ್ತಿದವರ ಹಾಗೆ ನಡುಗುತ್ತಿದ್ದವು. ಆಗ ಒಂದೊಂದೇ ವೈರು ಕಿತ್ತು ನೋಡುವುದು. ಯಾವ ವೈರು ಕಿತ್ತಾಗ ಚುರಮುರಿ ನಿಂತಿತೋ ಅಲ್ಲಿ ಕಳ್ಳ ಸಿಕ್ಕ.

ನಾವು ಅದನ್ನು ಅವರ ಷೋಕಿ ಅಂದುಕೊಂಡಿದ್ದೆವು. ಬೇರೆ ಮಿಸ್ತ್ರಿಗಳು ಕಿವಿ ಹಚ್ಚಿ ಕೇಳುತ್ತಾರೆ, ಇವರದು ಒಂದು ನಮೂನೆ, ಅಷ್ಟೇ ಅಂತ.

ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಊರು ಔರಾದ. ಹಳೇ ಬೀದರಿನ ಯಾವುದೋ ಅಂಗಡಿಯಲ್ಲಿ ಕೆಲಸ ಕಲಿತವರು. ಪ್ರತಿ ಮಂಗಳವಾರ ಬಸ್ಸಿಗೆ ಭಾಲ್ಕಿಗೆ ಬಂದು, ಮಾರ್ಕೆಟ್ಟಿನ ಗಡಿಯಾರದ ಅಂಗಡಿಯ ಕಟ್ಟೆಯ ಮೇಲೆ ಖಾಕಿ ಚೀಲ ಬಿಚ್ಚಿ ಕೂಡುತ್ತಿದ್ದರು. ಕರೆದವರ ಮನೆಗೆ ಹೋಗುತ್ತಿದ್ದರು. ಹೆಸರು ಕೇಳಿದ್ದರೆ ಹೇಳುತ್ತಿದ್ದರು. ನಾನು ಕೇಳಲಿಲ್ಲ. ಅವರು ತೀರಿಹೋಗಿ ಮೂರು ತಿಂಗಳಾಗಿದೆ, ನನಗೆ ಗೊತ್ತಾಗಿ ಎಂಟು ದಿನ. ಸಾವಿನ ಸುದ್ದಿಯ ಜೊತೆಗೆ ಇನ್ನೊಂದು ಸುದ್ದಿಯೂ ಗೊತ್ತಾಯಿತು. ಆ ಎರಡನೆಯದಕ್ಕೆ ನನ್ನ ಎದೆ ಈಗಲೂ ಧಸಕ್ ಎನ್ನುತ್ತದೆ. ಆದರೆ ಮನೆಯಲ್ಲಿ ಎಂಥ ಸಂತೋಷ ತುಂಬಿದೆ ಎಂದರೆ, ಅಳಬೇಕೆಂದು ಕೂತರೂ ನಗುವೇ ಬರುತ್ತದೆ. ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಬರೆದದ್ದು ಹಿಂದೆ ಮುಂದೆ ಆಗಬಹುದು.

ಉಸ್ತಾದರು ಮಾತಾಡುವಾಗ ನಮ್ಮ ಮುಖದ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ. ಹೊಸಬರಿಗೆ ಇರುಸುಮುರುಸಾಗುತ್ತಿತ್ತು. ಹೆಂಗಸರೊಡನೆ ಮಾತಾಡುವಾಗ ತಲೆ ತಗ್ಗಿಸುವುದು ಈ ಕಡೆಯ ರಿವಾಜು, ಅವರಿಗೆ ಅದು ಇರಲಿಲ್ಲ. ಆದರೂ ಆ ನೋಟದಲ್ಲಿ ಕೆಟ್ಟದ್ದು ಇತ್ತೆಂದು ಯಾರೂ ಎಂದೂ ಹೇಳಲಿಲ್ಲ. ಡಬ್ಬಿ ಕೆಟ್ಟಿದೆ ಅಂದರೆ, ಹ್ಯಾಂಗ ಸಪ್ಪಳ ಮಾಡ್ತದ, ನೀವೇ ಮಾಡಿ ತೋರಸ್ರಿ, ಎನ್ನುತ್ತಿದ್ದರು. ನಾನು ಈ ವಯಸ್ಸಿನಲ್ಲಿ ಅವರೆದುರು ಕೂತು ತುಟಿ ಮುಚ್ಚಿ ಹುಂ ಎಂದು ಎಳೆದಿದ್ದೇನೆ, ಕೊರ್ ಕೊರ್ ಎಂದಿದ್ದೇನೆ. ಸೊಸೆ ಒಳಗೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ತುಟಿ ಮುಚ್ಚಿದರೆ ಹುಂಕಾರದ ಗುಂಯ್, ತುಟಿ ಬಿಚ್ಚಿದರೆ ಕೊರಕೊರ, ಎರಡಕ್ಕೂ ಮದ್ದು ಬೇರೆ ಎಂದು ಅವರು ಗಂಭೀರವಾಗಿ ಹೇಳುತ್ತಿದ್ದರು.

ಮೆಹಕರದ ಒಬ್ಬ ಮುದುಕರದು ತುಟಿ ಮುಚ್ಚುವಂಥ ದಪ್ಪ ಮೀಸೆ. ಅವರು ಒಮ್ಮೆ ಹಳೇ ಟೇಪ್ ರಿಕಾರ್ಡರ್ ತಂದು, ಏನಾಗಿದೆ ಎಂದು ವಿವರವಾಗಿ ಹೇಳಿದರಂತೆ. ಎಲ್ಲ ಕೇಳಿದ ಮೇಲೆ ಉಸ್ತಾದರು, "ಮೀಸಿ ಕತ್ತರಿಸ್ಕೊಂಡು ಬರ್ರಿ, ಆಮ್ಯಾಲ ನೋಡಮು" ಅಂದರಂತೆ. ಇಡೀ ಮಾರ್ಕೆಟ್ಟು ನಕ್ಕಿತು. ಮುದುಕರು ಸಿಟ್ಟಿಗೆದ್ದು ಟೇಪ್ ಎತ್ತಿಕೊಂಡು ಹೋದರು, ಮುಂದಿನ ಮಂಗಳವಾರ ಮೀಸೆ ಸಣ್ಣ ಮಾಡಿಸಿಕೊಂಡು ಬಂದರು. ಬಹಳ ದಿನ ಇದು ಭಾಲ್ಕಿಯಲ್ಲಿ ನಗೆಯ ಮಾತಾಗಿತ್ತು.

ಹಿಂದಿನಿಂದ ಕೂಗಿದರೆ ಅವರು ತಿರುಗಿ ನೋಡುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಮಗ ಎರಡು ಸಲ ಕೂಗಿ, ಭಾರಿ ಮಗ್ರೂರಿ ಮನುಷ್ಯ, ಎಂದು ಬೇಸರ ಮಾಡಿಕೊಂಡು ಮನೆಗೆ ಬಂದಿದ್ದ. ಮೊಬೈಲು ಅವರ ಹತ್ತಿರ ಇರಲಿಲ್ಲ, ಔರಾದದಲ್ಲಿ ಹೆಂಡತಿಯ ಕೈಯಲ್ಲಿತ್ತು. ಕೊರೋನಾ ಕಾಲದಲ್ಲಿ ಎಲ್ಲರೂ ಬಾಯಿಗೆ ಬಟ್ಟೆ ಕಟ್ಟಿಕೊಂಡು ಅಂಗಡಿ ತೆರೆದರೂ ಇವರು ಮಾತ್ರ ವರ್ಷವಿಡೀ ಭಾಲ್ಕಿಗೆ ಬರಲಿಲ್ಲ. ಮುದುಕನಿಗೆ ಜೀವದ ಆಸೆ ಭಾಳ, ಎಂದು ಗಡಿಯಾರದ ಅಂಗಡಿಯವರು ಆಡಿಕೊಂಡರು. ನಾನೂ ಹೂಂಗುಟ್ಟಿದೆ.

ಇನ್ನು ನಮ್ಮ ಮನೆಯ ಮಾತು.

ನನ್ನ ಮಗ ಬೀದರಿನ ಕೊಳಾರದಲ್ಲಿ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ, ದಿನಾ ಭಾಲ್ಕಿಯಿಂದ ಹೋಗಿಬರುತ್ತಾನೆ. ಅವನಿಗೆ ಮಗಳು ಹುಟ್ಟಿದ ವರ್ಷ ಪಡಸಾಲೆಗೆ ಹತ್ತಿ ಒಂದು ಹೊಸ ಕೋಣೆ ಕಟ್ಟಿಸಿದೆವು. ಅದೇ ಖುಷಿಯಲ್ಲಿ ಅವನು ಎರಡು ದೊಡ್ಡ ಸ್ಪೀಕರು, ದನಿ ದೊಡ್ಡದು ಮಾಡುವ ಒಂದು ಆಂಪ್ಲಿ ಡಬ್ಬಿ ತಂದ. ಮುಂಜಾನೆ ಬುದ್ಧವಂದನೆ ಹಚ್ಚಬೇಕು, ಆಯಿತವಾರ ಬಾಬಾಸಾಹೇಬರ ಭೀಮಗೀತೆ ಹಚ್ಚಬೇಕು, ಟೀವಿಯ ದನಿಯೂ ಅದರಲ್ಲೇ ಬರಬೇಕು. ಟೀವಿ ಹಳೇ ಪಡಸಾಲೆಯಲ್ಲಿ, ಆಂಪ್ಲಿ ಹೊಸ ಕೋಣೆಯಲ್ಲಿ, ಗೋಡೆಗೆ ತೂತು ಹಾಕಿ ನಡುವೆ ಒಂದು ತೆಳ್ಳಗಿನ ವೈರು. ಹಚ್ಚಿದ ದಿನವೇ ಗುಂಯ್ ಸುರುವಾಯಿತು. ವಂದನೆ ಕೇಳಲು ಕೂತರೆ ಗೋಡೆಯೊಳಗೆ ಯಾರೋ ಭ್ರಮರ ಸಾಕಿದ ಹಾಗೆ.

ಊರಿನ ಒಬ್ಬ ವೈರಮನ್ ಬಂದ. ಆಂಪ್ಲಿಯ ಪ್ಲಗ್ಗಿಗೆ ಮೂರು ಕಾಲು ಇರುತ್ತವಲ್ಲ, ಅದರಲ್ಲಿ ದಪ್ಪನೆಯ ಕಾಲನ್ನು ಇಕ್ಕಳದಿಂದ ಮುರಿದು ಹಾಕಿದ. ಸಪ್ಪಳ ಅರ್ಧಕ್ಕರ್ಧ ಕಡಿಮೆಯಾಯಿತು. ಹುಷಾರ್ ಮನುಷ್ಯ ಅಂದುಕೊಂಡೆವು. ಆದರೆ ಹಸಿ ಅರಿವೆಯಿಂದ ಡಬ್ಬಿ ಒರೆಸುವಾಗ ಒಮ್ಮೊಮ್ಮೆ ಬೆರಳಿಗೆ ಜುಮ್ ಎನ್ನುತ್ತಿತ್ತು. ಉಳಿದ ಅರ್ಧ ಸಪ್ಪಳವೂ ಹೋಗಲೆಂದು ಮಂಗಳವಾರ ಉಸ್ತಾದರನ್ನು ಕರೆಸಿದೆ.

ಆಗ ನಮ್ಮ ಮೈತ್ರಿಗೆ ಒಂದೂವರೆ ವರ್ಷ. ಮಗನ ಮಗಳು, ನನ್ನ ಬಂಗಾರ. ನಡೆಯುತ್ತಿದ್ದಳು, ನಗುತ್ತಿದ್ದಳು, ಮಾತು ಮಾತ್ರ ಬಂದಿರಲಿಲ್ಲ. ಅವರಪ್ಪನಿಗೂ ಮಾತು ತಡವಾಗಿಯೇ ಬಂದಿತ್ತು, ಆ ಧೈರ್ಯದಲ್ಲಿ ನಾನಿದ್ದೆ. ಸೊಸೆ ಒಂದೆರಡು ಸಲ ಡಾಕ್ಟರ ಮಾತೆತ್ತಿದಾಗ ನಾನೇ ಬಾಯಿ ಮುಚ್ಚಿಸಿದ್ದೆ. ಕೂಸಿಗೆ ಆ ಹಾಡಿನ ಡಬ್ಬಿ ಎಂದರೆ ಪ್ರಾಣ. ಇಡೀ ದಿನ ಸ್ಪೀಕರಿಗೆ ಕೆನ್ನೆ ಹಚ್ಚಿ, ಆಂಪ್ಲಿಯ ಮೇಲೆ ಅಂಗೈ ಇಟ್ಟು ನಿಂತಿರುತ್ತಿದ್ದಳು. ನೋಡ್ರಿ, ನಮ್ಮ ಕೂಸಿಗಿ ಹಾಡಂದ್ರ ಎಷ್ಟು ಹುಚ್ಚು, ಎಂದು ನಾನು ಬಂದವರಿಗೆಲ್ಲ ತೋರಿಸುತ್ತಿದ್ದೆ. ಉಸ್ತಾದರಿಗೂ ತೋರಿಸಿದೆ.

ಅವರು ಚುರಮುರಿ ಉದುರಿಸಿದರು. ಕಾಳು ನಡುಗಿದವು. ಟೀವಿಯ ವೈರು ಕಿತ್ತರು, ಕಾಳು ನಿಂತವು. ನನಗೆ ಆಗಲೇ ಖುಷಿ. ಅವರು ಮಾತ್ರ ಟೆಸ್ಟರ್ ತೆಗೆದು ಆಂಪ್ಲಿಯ ತಗಡಿಗೆ ಮುಟ್ಟಿಸಿದರು. ಟೆಸ್ಟರಿನೊಳಗೆ ಕೆಂಪು ದೀಪ ಹತ್ತಿತು. ಅವರ ಮುಖ ಬಿಳಿಚಿತು. ಗೋಡೆಯ ಬಟನ್ ಆರಿಸಿ, ಪ್ಲಗ್ ಕಿತ್ತು, ಮುರಿದ ಕಾಲನ್ನು ನೋಡಿದರು. ಆಮೇಲೆ ನನಗೆ ತಿಳಿಯುವ ಹಾಗೆ ನಿಧಾನ ಹೇಳಿದರು. ಆ ಮೂರನೆಯ ಕಾಲು ಭೂಮಿಯದು. ಡಬ್ಬಿಯ ತಗಡಿನಲ್ಲಿ ಕರೆಂಟು ಸೋರಿದರೆ ಅದು ಆ ಕಾಲಿನಿಂದ ಇಳಿದು ಮಣ್ಣಿಗೆ ಹೋಗುತ್ತದೆ. ಕಾಲು ಮುರಿದ ಮೇಲೆ, ಇಷ್ಟು ದಿನ ಆ ತೆಳ್ಳಗಿನ ಹಾಡಿನ ವೈರೇ ಅದನ್ನು ಹೊತ್ತು ಟೀವಿ ಕಡೆಯ ಭೂಮಿಗೆ ಮುಟ್ಟಿಸುತ್ತಿತ್ತು. ಉಳಿದ ಗುಂಯ್ ಅದರದೇ. ಯಾವತ್ತಾದರೂ ಆ ವೈರು ಜಾರಿದ್ದರೆ, ಡಬ್ಬಿ ಮುಟ್ಟಿದವರ ಕೈಯೇ ವೈರು.

"ಇದನ್ನ ಯಾರು ಮುಟ್ತಾರ, ಆಯಿ?" ಅಂದರು.

ನಾನು ಬೆರಳಿನಿಂದ ಕೂಸನ್ನು ತೋರಿಸಿದೆ. ಅವಳು ಅದೇ ಹೊತ್ತಿಗೆ ಆರಿದ ಡಬ್ಬಿಯ ಮೇಲೆ ಅಂಗೈ ಇಟ್ಟು, ಯಾಕೆ ನಡುಗುತ್ತಿಲ್ಲ ಎನ್ನುವ ಹಾಗೆ ಅವರ ಮುಖ ನೋಡುತ್ತಿದ್ದಳು. ಅವರೂ ಅವಳ ಮುಖ ನೋಡಿದರು. ಬಹಳ ಹೊತ್ತು ನೋಡಿದರು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಸೊಸೆಯ ಕೈಯಿಂದ ತುಂಬಿದ ಹಿತ್ತಾಳೆ ಕೊಡ ಜಾರಿ ಫರಸಿಗೆ ಬಿತ್ತು. ನಾನು ಕೂತಲ್ಲೇ ಗೇಣುದ್ದ ಹಾರಿದೆ. ಸ್ಪೀಕರಿನ ಬಟ್ಟಲಲ್ಲಿದ್ದ ಚುರಮುರಿಯೂ ಒಮ್ಮೆ ಹಾರಿ ಕೂತಿತು. ಉಸ್ತಾದರು ಮೊದಲು ಚುರಮುರಿ ನೋಡಿದರು, ಆಮೇಲೆ ನನ್ನನ್ನು ನೋಡಿದರು, ಆಮೇಲೆ ಕೂಸನ್ನು. ಕೂಸು ಅಲುಗಿರಲಿಲ್ಲ. ಅವರ ಗಡ್ಡವನ್ನೇ ನೋಡುತ್ತ ನಿಂತಿತ್ತು.

"ಆಯಿ, ಈ ಕೂಸಿಗಿ ಕೇಳಸಲ್ಲ" ಅಂದರು.

ಡಬ್ಬಿಯ ಸುದ್ದಿಗೇ ನನ್ನ ಎದೆ ಅರ್ಧ ಒಡೆದಿತ್ತು. ಇದು ಕೇಳಿ ಹುಚ್ಚು ಹಿಡಿದ ಹಾಗಾಯಿತು. ಡಬ್ಬಿ ರಿಪೇರಿಗಿ ಬಂದೀರಿ, ಡಬ್ಬಿ ನೋಡ್ರಿ, ನಮ್ಮ ಕೂಸಿನ ಸುದ್ದಿ ನಿಮಗ ಬ್ಯಾಡ, ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಹೇಳಿ, ಮೈತ್ರಿಯನ್ನು ಬಾಚಿ ಎತ್ತಿಕೊಂಡು, ಅವರಿಗೆ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿದೆ. ಕಣ್ಣಲ್ಲಿ ನೀರು ಬಂದದ್ದು ಅವರಿಗೆ ಕಾಣಬಾರದಿತ್ತು. ಗೋಡೆಗೆ ಮುಖ ಮಾಡಿಕೊಂಡೇ ಕೇಳಿದೆ.

"ನಿಮಗ ಹ್ಯಾಂಗ ಗೊತ್ತಾಯ್ತು, ಹೇಳ್ರಿ ನೋಡಮು. ನೀವೇನು ಡಾಕ್ಟರೇನು?"

ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಅವರು ಬಟ್ಟಲಿನ ಚುರಮುರಿಯನ್ನು ಒಂದೊಂದಾಗಿ ಆರಿಸುತ್ತಿದ್ದರು. ಉತ್ತರ ಇದ್ದರಲ್ಲವೇ ಕೊಡುವುದು, ಅಂದುಕೊಂಡೆ. ಪ್ಲಗ್ಗನ್ನು ಚೀಲಕ್ಕೆ ಹಾಕಿಕೊಂಡು, ಇದನ್ನು ಹೀಗೇ ಹಚ್ಚಬೇಡಿರಿ ಎಂದಷ್ಟೇ ಹೇಳಿ ಹೋದರು.

ಮುಂದಿನ ಮಂಗಳವಾರ ಕರೆಯದೆಯೇ ಬಂದರು. ಹೊಸ್ತಿಲ ಹೊರಗೆ ನಿಂತರು, ಒಳಗೆ ಬರಲಿಲ್ಲ. ನಾನು ಬರ್ರಿ ಅನ್ನಲೂ ಇಲ್ಲ. ಹೆಗಲ ಮೇಲಿನ ಖಾಕಿ ಚೀಲವನ್ನು ಇಳಿಸಿ ಹೊಸ್ತಿಲ ಒಳಗೆ ನನ್ನ ಕಾಲ ಹತ್ತಿರ ಇಟ್ಟರು.

"ಬೀದರಿಗಿ ಒಯ್ದು ತೋರಸ್ರಿ. ನನ್ನ ಮಾತು ಸುಳ್ಳಾದ್ರ ಈ ಚೀಲ ನೀವೇ ಇಟ್ಕೋರಿ. ಭಾಲ್ಕಿದಾಗ ಮತ್ತ ಸ್ಕ್ರೂ ಮುಟ್ಟಲ್ಲ."

ಆ ಚೀಲದಲ್ಲಿ ಅವರ ಟೆಸ್ಟರು, ಬೆಸುಗೆ ಹಾಕುವ ಕಾವಿನ ಕಡ್ಡಿ, ಇಕ್ಕಳ, ತವರದ ಸುರುಳಿ, ಸಣ್ಣ ಸಣ್ಣ ಡಬ್ಬಿಗಳಲ್ಲಿ ನಾಲ್ವತ್ತು ವರ್ಷ ಕೂಡಿಸಿದ ಬಿಡಿ ಸಾಮಾನು. ಒಕ್ಕಲಿಗ ಎತ್ತು ಬಿಚ್ಚಿ ಇನ್ನೊಬ್ಬರ ಗ್ವಾದಲಿಗೆ ಕಟ್ಟಿ ಹೋದ ಹಾಗೆ ಅವರು ಬರಿಗೈಯಲ್ಲಿ ಹೋದರು.

ಚೀಲ ಮನೆಯಲ್ಲಿ ಎರಡು ವಾರ ಕೂತಿತು. ನಾನು ಹಠದವಳು. ಆದರೆ ಕಸ ಹೊಡೆಯುವಾಗ ಅದನ್ನು ಎತ್ತಿ ಇಡಬೇಕು, ಎತ್ತಿದರೆ ಒಳಗೆ ಕಬ್ಬಿಣ ಅಲುಗುತ್ತಿತ್ತು. ನಡುವೆ ಬಂದ ಮಂಗಳವಾರ ಮಗ ಮಾರ್ಕೆಟ್ಟಿನಿಂದ ಬಂದು ಹೇಳಿದ. ಉಸ್ತಾದರು ಕಟ್ಟೆಯ ಮೇಲೆ ಸುಮ್ಮನೆ ಕೈಕಟ್ಟಿ ಕೂತಿದ್ದಾರಂತೆ, ಬಂದ ಗಿರಾಕಿಗಳಿಗೆಲ್ಲ ಚೀಲ ಒಂದು ಕಡೆ ಇಟ್ಟೀನಿ, ಬರೋ ವಾರ ಬರ್ರಿ ಅನ್ನುತ್ತಿದ್ದಾರಂತೆ. ಯಾರ ಮನೆಯಲ್ಲಿ ಎಂದು ಮಾತ್ರ ಹೇಳುತ್ತಿಲ್ಲವಂತೆ.

ಅವತ್ತು ಸೊಸೆ ಒಲೆ ಆರಿಸಿ ಎದ್ದು ಬಂದಳು. "ಅತ್ತಿ, ನಾ ನಾಳಿಗಿ ಬೀದರಿಗಿ ಹೋಗ್ತೇನಿ. ನೀವು ಬಂದ್ರೂ ಸೈ, ಬರದಿದ್ರೂ ಸೈ" ಅಂದಳು. ಮದುವೆಯಾಗಿ ಬಂದ ಮೇಲೆ ನನಗೆ ಎದುರು ಆಡಿದ್ದು ಅದೊಂದೇ ಸಲ. ಹೋದೆ.

ಬೀದರಿನ ಆಸ್ಪತ್ರೆಯಲ್ಲಿ ಕೂಸನ್ನು ಮಲಗಿಸಿ, ತಲೆಗೆ ವೈರು ಅಂಟಿಸಿ, ಕಿವಿಗೆ ಸಪ್ಪಳ ಬಿಟ್ಟು ನೋಡಿದರು. ನನಗೆ ಎದುರಿನ ಮಷೀನಿನ ಗಾಜಿನಲ್ಲಿ ಒಂದು ಗೆರೆ ಕಾಣುತ್ತಿತ್ತು. ಅದು ಏಳಲಿ ಏಳಲಿ ಎಂದು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಏಳಲಿಲ್ಲ. ಎರಡೂ ಕಿವಿ ಕೇಳುವುದಿಲ್ಲ, ಹುಟ್ಟಿನಿಂದಲೇ, ಎಂದು ಡಾಕ್ಟರಮ್ಮ ಹೇಳಿದರು. ನಾನು ಅಲ್ಲೇ ಗೋಡೆ ಹಿಡಿದು ಕೂತುಬಿಟ್ಟೆ. ಒಂದೂವರೆ ವರ್ಷ ನಾನು ಹಾಡಿದ ಜೋಗುಳ, ಕರೆದ ಮುದ್ದಿನ ಹೆಸರು, ಒಂದೂ ಅವಳಿಗೆ ಮುಟ್ಟಿರಲಿಲ್ಲ. ಹಾಡಿನ ಹುಚ್ಚು ಎಂದು ಊರಿಗೆಲ್ಲ ತೋರಿಸಿದ್ದೆನಲ್ಲ, ಅವಳು ಕೈಯಿಂದ ಕೇಳಲು ಹುಡುಕುತ್ತಿದ್ದಳು.

ಡಾಕ್ಟರಮ್ಮ ನನ್ನನ್ನು ಎಬ್ಬಿಸಿ ಕೂರಿಸಿದರು. ಈಗಲೇ ತಂದದ್ದು ಒಳ್ಳೆಯದಾಯಿತು, ಆಪರೇಷನ್ ಮಾಡಿ ಮಷೀನು ಕೂರಿಸಬಹುದು, ನಾಲ್ಕೈದು ವರ್ಷ ಬಿಟ್ಟು ತಂದಿದ್ದರೆ ಮಾತು ಬರುವುದು ಬಹಳ ಕಷ್ಟವಾಗುತ್ತಿತ್ತು ಅಂದರು. ಯಾರು ಗುರುತು ಹಿಡಿದರು ಎಂದು ಕೇಳಿದರು. ಸ್ಪೀಕರ್ ರಿಪೇರಿ ಮಾಡುವವರು ಎಂದು ಮಗ ಹೇಳಿದಾಗ ಅವರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದರು.

ಮುಂದಿನ ಮಂಗಳವಾರ ನಾನೇ ಚೀಲ ಹೊತ್ತು ಮಾರ್ಕೆಟ್ಟಿಗೆ ಹೋದೆ. ಅವರ ಎದುರು ಇಟ್ಟೆ. ಅವರು ನನ್ನ ಮುಖ ನೋಡಿದರು, ಎಲ್ಲ ತಿಳಿಯಿತು. ನಾ ಹೇಳಿರಲಿಲ್ಲೇನು ಅನ್ನುತ್ತಾರೆಂದು ಕಾದೆ. ಚೀಲ ಹೆಗಲಿಗೆ ಹಾಕಿಕೊಂಡು, ನಡೀರಿ, ಡಬ್ಬಿ ಕೆಲಸ ಬಾಕಿ ಅದ, ಚುರಮುರಿ ಅದಾವೇನು ಮನ್ಯಾಗ, ಅಂದರು.

ಅವತ್ತು ಗುಂಯ್‌ನ ಬೇರು ಸಿಕ್ಕಿತು. ಬೇರು ನಾನೇ. ಹಳೇ ಮನೆಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ಅರ್ಥಿಂಗ್ ಗುಂಡಿ ಇದೆ. ಕರೆಂಟು ಮಣ್ಣಿಗೆ ಇಳಿಯಲು ಇದ್ದಲಿ, ಉಪ್ಪು ಹಾಕಿ ಮುಚ್ಚಿದ್ದು. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಬೇಕೆಂದು ನಮ್ಮ ಅತ್ತೆ ಹೇಳಿಕೊಟ್ಟಿದ್ದರು. ದಿನಾ ತಪ್ಪದೆ ಕೊಡಪಾನ ನೀರು, ತಿಂಗಳಿಗೊಮ್ಮೆ ಹಿಡಿ ಉಪ್ಪು ಹಾಕುತ್ತಿದ್ದೆ. ಹೊಸ ಕೋಣೆ ಕಟ್ಟಿದಾಗ ಅದಕ್ಕೆ ಬೇರೆ ಗುಂಡಿ ತೋಡಿದ್ದರು, ಅದರ ಕಡೆ ನಾನು ನೋಡಿರಲೇ ಇಲ್ಲ. ಟೀವಿ ಹಸಿ ಗುಂಡಿಗೆ, ಆಂಪ್ಲಿ ಒಣ ಗುಂಡಿಗೆ. ಎರಡೂ ಗುಂಡಿಯ ಜೋರು ಬೇರೆ ಬೇರೆ, ನಡುವೆ ಹಾಡಿನ ವೈರು. ಒಂದು ಭೂಮಿಯಿಂದ ಇನ್ನೊಂದು ಭೂಮಿಗೆ ಕರೆಂಟು ಆ ವೈರಿನೊಳಗೇ ಓಡಾಡುತ್ತಿತ್ತು, ಅದರ ಸಪ್ಪಳವೇ ಆ ಗುಂಯ್.

ಅವತ್ತೇ ಅವರು ನಕ್ಕದ್ದು ನಾನು ಮೊದಲ ಸಲ ನೋಡಿದ್ದು. "ಆಯಿ, ಒಂದಕ್ಕ ದಿನಾ ನೀರು ಕುಡಿಸಿ, ಇನ್ನೊಂದನ್ನ ಉಪಾಸ ಕೆಡವೀರಿ. ಅದು ಅಳಲ್ದೆ ಏನು ಮಾಡ್ತದ" ಅಂದರು.

ಅಂಗಳದ ಮಣ್ಣು ತೋಡಿಸಿ ಎರಡೂ ಗುಂಡಿಗೆ ಒಂದು ದಪ್ಪ ತಾಮ್ರದ ತಂತಿ ಎಳೆದು ಕೂಡಿಸಿದರು. ಸೋರುತ್ತಿದ್ದ ಡಬ್ಬಿ ಬಿಚ್ಚಿ ಸರಿಮಾಡಿ, ಮೂರು ಕಾಲಿನ ಹೊಸ ಪ್ಲಗ್ ಹಾಕಿದರು. ಬೀದರಿನ ಕೆಂಪು ಕಲ್ಲಿನಲ್ಲಿ ಅರ್ಥಿಂಗ್ ಹಿಡಿಯುವುದು ಕಷ್ಟ, ನಿಮ್ಮದು ಕರಿ ಎರಿ ಮಣ್ಣು, ಚೆನ್ನಾಗಿ ಹಿಡಿಯುತ್ತದೆ ಎಂದು ಮಣ್ಣನ್ನು ಮೂಸಿ ನೋಡಿ ಹೇಳಿದರು. ಚುರಮುರಿ ಉದುರಿಸಿದರು. ಒಂದು ಕಾಳೂ ಅಲುಗಲಿಲ್ಲ. ಕೇಳೂದ ಕಲಿಯೋ ಕೂಸಿನ ಮನ್ಯಾಗ ಗುಂಯ್ ಇರಬಾರದು, ಎಂದು ಎದ್ದರು.

ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಕಿವಿಯ ಹಿಂದೆ, ತಲೆಯ ಮೇಲೆ ರೂಪಾಯಿಯಗಲದ ಮಷೀನು. ಮೊದಲ ಸಲ ಅದನ್ನು ಹಚ್ಚಿದಾಗ ಕೂಸು ಹೆದರಿ ಅತ್ತಿತು, ನಾವು ಮೂವರೂ ಅತ್ತೆವು. ಆಮೇಲೆ ಎಷ್ಟೋ ತಿಂಗಳು ಏನೂ ಇಲ್ಲ. ಸೊಸೆ ದಿನಾ ಬಾಯಿಗೆ ಕೈ ಅಡ್ಡ ಹಿಡಿದು ಮಾತು ಹೇಳಿಕೊಡುತ್ತಿದ್ದಳು, ತುಟಿ ನೋಡದೆ ಕಿವಿಯಿಂದಲೇ ಕಲಿಯಲಿ ಎಂದು. ಒಂದು ಮುಂಜಾನೆ ನಾನು ಜೋಳದ ಹಿಟ್ಟು ನಾದುತ್ತ ಕೂತಾಗ ಹಿಂದಿನಿಂದ "ಆಯಿ" ಎಂದು ಕೇಳಿತು. ಹಿಟ್ಟಿನ ಕೈಯಲ್ಲೇ ಅವಳನ್ನು ಎತ್ತಿ ಓಣಿಯೆಲ್ಲ ತಿರುಗಿದೆ. ಅವತ್ತು ರೊಟ್ಟಿ ಆಗಲಿಲ್ಲ, ಯಾರೂ ಕೇಳಲೂ ಇಲ್ಲ.

ಆಗಿನಿಂದ ನನಗೊಂದು ಚಟ ಹತ್ತಿದೆ. ದಿನಕ್ಕೆ ಇಪ್ಪತ್ತು ಸಲ ಸುಮ್ಮಸುಮ್ಮನೆ ಅವಳ ಬೆನ್ನ ಹಿಂದೆ ನಿಂತು ಹೆಸರು ಕೂಗುತ್ತೇನೆ. ಅವಳು ತಿರುಗುತ್ತಾಳೆ. ಆ ತಿರುಗುವುದನ್ನು ನೋಡಲೆಂದೇ ಕೂಗುವುದು. ಈಗ ನಾಲ್ಕೂವರೆ ವರ್ಷ, ಬಾಯಿ ಜೋರಾಗಿದೆ. ಏನೂ ಕೆಲಸಿಲ್ಲಂದ್ರ ಯಾಕ ಕೂಗ್ತಿ, ಎಂದು ನನ್ನನ್ನೇ ಗದರುತ್ತಾಳೆ. ಗದರಿಸಿಕೊಂಡು ನಾನು ಹೊಟ್ಟೆ ತುಂಬಾ ನಗುತ್ತೇನೆ.

ಉಸ್ತಾದರು ಭಾಲ್ಕಿಗೆ ಬಂದಾಗೆಲ್ಲ ಒಂದು ಗಳಿಗೆ ಮನೆಗೆ ಬರುತ್ತಿದ್ದರು. ಅವಳೂ ಅವರೂ ಎದುರಾಬದುರು ಕೂತು, ಒಂದೇ ತಾಟಿನಿಂದ ಚುರಮುರಿ ತಿನ್ನುತ್ತ, ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮಾತು ಕಡಿಮೆ. ಏನು ಮಾತಾಡ್ಲತ್ತೀರಿ ಇಬ್ಬರೂ, ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಹೋದ ದೀಪಾವಳಿಯ ಮೇಲೆ ಬರುವುದು ನಿಂತಿತು. ವಯಸ್ಸಾಯಿತು, ಬಸ್ಸು ಆಗಲಿಕ್ಕಿಲ್ಲ ಅಂದುಕೊಂಡೆ.

ಈ ಬೇಸಿಗೆಯಲ್ಲಿ ಅಂಗಳದಲ್ಲಿ ನಲ್ಲಿಯ ಹೊಸ ಪೈಪು ಹಾಕಿಸಿದೆವು. ಎರಡು ದಿನ ಬಿಟ್ಟು ಮೈತ್ರಿ ಆಡುತ್ತಿದ್ದವಳು ಎದ್ದು ನನ್ನ ಹತ್ತಿರ ಬಂದಳು.

"ಆಯಿ, ಡಬ್ಬಿ ಗುಂಯ್ ಅನ್ಲತ್ತದ."

ನನಗೆ ಏನೂ ಕೇಳಿಸಿರಲಿಲ್ಲ. ಹತ್ತಿರ ಹೋಗಿ, ಬಗ್ಗಿ, ಕಿವಿ ಹಚ್ಚಿದೆ. ಹೌದು, ಸಣ್ಣಗೆ, ಬಹಳ ಸಣ್ಣಗೆ. ಪೈಪು ಹಾಕುವವರ ಗುದ್ದಲಿ ಎರಡು ಗುಂಡಿ ಕೂಡಿಸಿದ್ದ ತಾಮ್ರದ ತಂತಿಯನ್ನು ಕಡಿದಿತ್ತು, ಅದು ಆಮೇಲೆ ತಿಳಿದದ್ದು. ಆಗ ನನಗೆ ತಿಳಿದದ್ದು ಒಂದೇ. ನಮಗ್ಯಾರಿಗೂ ಕೇಳಿಸದ ಸಪ್ಪಳ ಈ ಕೂಸಿಗೆ ಕೇಳಿಸಿದೆ. ಇದನ್ನು ಉಸ್ತಾದರಿಗೆ ನಾನೇ ಹೋಗಿ ಹೇಳಬೇಕು. ಮರುದಿನವೇ ಎರಡು ಸೇರು ಚುರಮುರಿ ಕಟ್ಟಿಕೊಂಡು, ಕೂಸಿನ ಕೈ ಹಿಡಿದು ಔರಾದದ ಬಸ್ಸು ಹತ್ತಿದೆ.

ರೇಡಿಯೋ ಉಸ್ತಾದರ ಮನೆ ಎಂದರೆ ಎಲ್ಲರಿಗೂ ಗೊತ್ತು. ಬಾಗಿಲು ತೆರೆದ ಅವರ ಹೆಂಡತಿ ನನ್ನನ್ನು ನೋಡಲಿಲ್ಲ, ಮೈತ್ರಿಯ ತಲೆಯ ಮೇಲಿನ ಮಷೀನು ನೋಡಿದರು. ಭಾಲ್ಕಿ ಕೂಸಾ, ಎಂದು ಅವಳ ಗಲ್ಲ ಹಿಡಿದರು. ಆಮೇಲೆ ಹೇಳಿದರು. ಮುಂಜಾನೆ ನಮಾಜಿಗೆ ಎದ್ದವರು ಹಾಗೇ ಕುಸಿದರಂತೆ, ಮೂರು ತಿಂಗಳ ಹಿಂದೆ.

ನಾನು ಚುರಮುರಿಯ ಗಂಟು ಇಳಿಸಿ ಹೊಸ್ತಿಲ ಮೇಲೆ ಕೂತೆ. ಅವರು ನೀರು ತಂದುಕೊಟ್ಟರು. ತಡವಾಯ್ತು ಬೂಬು, ಈ ಕೂಸಿಗಿ ಡಬ್ಬಿ ಗುಂಯ್ ಅನ್ನೂದು ಕೇಳಸ್ಯಾದ, ಅದನ್ನ ಅವರಿಗಿ ಹೇಳ್ಬೇಕಾಗಿತ್ತು, ಅಂದೆ. ಬೂಬು ನನ್ನ ಕೈಯಿಂದ ಖಾಲಿ ಲೋಟ ತಗೊಂಡರು.

"ಅವರಿಗಿ ಎಂದೂ ಕೇಳಸಿಲ್ರಿ ಅದು" ಅಂದರು.

ನನಗೆ ತಿಳಿಯಲಿಲ್ಲ. ಬಿಡಿಸಿ ಹೇಳಿದರು. ಒಂಬತ್ತು ವರ್ಷದವರಿದ್ದಾಗ ಜ್ವರ ಬಂದು ಎರಡೂ ಕಿವಿ ಹೋದವಂತೆ. ಮಾತು ಮೊದಲೇ ಬಂದಿತ್ತು, ಉಳಿಯಿತು. ಎದುರಿನವರ ತುಟಿ ನೋಡಿ ಕನ್ನಡ, ಉರ್ದು, ಮರಾಠಿ ಮೂರೂ ತಿಳಿಯುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಬೂಬುಗೇ ಗೊತ್ತಾಗಲು ತಿಂಗಳು ಹಿಡಿಯಿತಂತೆ. ಹೊರಗೆ ಯಾರಿಗೂ ಹೇಳಬೇಡ ಎಂದು ಆಣೆ ತಗೊಂಡಿದ್ದರು. "ಕಿವುಡನ ಕೈಯಾಗ ರೇಡಿಯೋ ಯಾರು ಕೊಡ್ತಾರ್ರಿ?" ಅಂದರು ಬೂಬು.

ನನ್ನ ಕಣ್ಣ ಮುಂದೆ ಆ ಹಿತ್ತಾಳೆ ಕೊಡ ಮತ್ತೆ ಬಿತ್ತು. ಅವತ್ತು ಆ ಕೋಣೆಯಲ್ಲಿ ಅಲುಗದೆ ಇದ್ದವರು ಒಬ್ಬರಲ್ಲ, ಇಬ್ಬರು. ಅವರು ಅಡುಗೆಮನೆಯ ಕಡೆ ತಿರುಗಿಯೇ ಇರಲಿಲ್ಲ. ಚುರಮುರಿ ಹಾರಿದ್ದು ಕಂಡು, ನಾನು ಹಾರಿದ್ದು ಕಂಡು, ಏನೋ ಬಿದ್ದಿದೆ ಎಂದು ತಿಳಿದುಕೊಂಡಿದ್ದರು. ನಾನು ಎದುರಿಗೇ ಕೂತಿದ್ದೆ, ನನಗೆ ಕಾಣಲಿಲ್ಲ. ಅವರ ಬಗ್ಗೆ ನಾನು ನಕ್ಕದ್ದು, ಹೂಂಗುಟ್ಟಿದ್ದು ಒಂದೊಂದೇ ನೆನಪಿಗೆ ಬಂತು.

ಬೂಬು ಇನ್ನೂ ಹೇಳುತ್ತಿದ್ದರು. ಆ ಮಂಗಳವಾರ ಮನೆಗೆ ಬಂದವರು ಊಟ ಮಾಡಲಿಲ್ಲವಂತೆ.

"ಆಯಿ ಬೈದು ಮುಖ ತಿರುವಿದ್ರು. ಹ್ಯಾಂಗ ಗೊತ್ತಾಯ್ತಂತ ಒಂದು ಸಲ ಕೇಳಿದ್ದರ ಹೇಳೇ ಬಿಡ್ತಿದ್ದೆ ಅಂದ್ರು. ಕೇಳ್ಲಿಲ್ಲಂತ. ಅದಕ್ಕೇ ಚೀಲ ಇಟ್ಟು ಬಂದ್ರು."

ಕೇಳಿದ್ದೆ. ಗೋಡ್ಯಾಗ ಮುಖ ಇಟ್ಟು ಕೇಳಿದ್ದೆ ಬೂಬು, ಎಂದೆ. ಅಷ್ಟರಲ್ಲಿ ಮೈತ್ರಿ ಚುರಮುರಿಯ ಗಂಟು ಬಿಚ್ಚಿ, ಅವರ ಮನೆಯ ಕಪಾಟಿನ ಮೇಲಿದ್ದ ಹಳೇ ರೇಡಿಯೋ ಹಚ್ಚಿ ಕೊಡು ಎಂದು ಹಟ ಮಾಡುತ್ತಿದ್ದಳು. ಬೂಬು ಹಚ್ಚಿ ಕೊಟ್ಟರು. ಮನೆಯಲ್ಲಿ ಯಾವಾಗಲೂ ಹಚ್ಚಿ ಇರುತ್ತಿತ್ತಂತೆ ಅದು, ಅವರು ಅದರ ಮೇಲೆ ಕೈ ಇಟ್ಟುಕೊಂಡು ಕೂಡುತ್ತಿದ್ದರಂತೆ.

ಮರಳಿ ಬಂದ ಸಂಜೆ ಮಗ ತಂತಿ ಕೂಡಿಸುತ್ತೇನೆ ಎಂದ. ಪ್ಲಗ್ಗಿನ ಭೂಮಿಯ ಕಾಲು ಸರಿಯಿದೆ, ಡಬ್ಬಿಯಲ್ಲಿ ಸೋರಿಕೆ ಇಲ್ಲ, ಅಪಾಯವೇನಿಲ್ಲ ಎಂದು ಟೆಸ್ಟರ್ ಹಚ್ಚಿ ಖಾತ್ರಿ ಮಾಡಿಕೊಂಡ. ಹಾಗಾದರೆ ಮಂಗಳವಾರದವರೆಗೆ ತಡಿ ಅಂದೆ. ಆ ಗುಂಯ್ ಅಷ್ಟು ದಿನ ನನ್ನ ಮನೆಯಲ್ಲಿ ಇತ್ತು. ಗಳಿಗೆಗೊಮ್ಮೆ, ಇನ್ನೂ ಕೇಳಸ್ಲತ್ತದೇನು, ಎಂದು ಕೂಸನ್ನು ಕೇಳುವುದು, ಅವಳು ಹೂಂ ಎನ್ನುವುದು, ನಾನು ಸೊಸೆಯ ಮುಖ ನೋಡಿ ನಗುವುದು.

ಮೊನ್ನೆ ಮಂಗಳವಾರ ಸ್ಪೀಕರನ್ನು ಫರಸಿಯ ಮೇಲೆ ಅಂಗಾತ ಮಲಗಿಸಿದೆ. ಜಾಳಿಗೆ ಬಿಚ್ಚಿ ಹತ್ತು ಹನ್ನೆರಡು ಕಾಳು ಉದುರಿಸಿ, ಉಳಿದದ್ದನ್ನು ಮೈತ್ರಿಯ ಉಡಿಗೆ ಹಾಕಿದೆ. ಕಾಳು ಸಣ್ಣಗೆ ನಡುಗುತ್ತಿದ್ದವು. ನಾನು ಕಣ್ಣು ಪಿಳುಕಿಸದೆ ಅವನ್ನೇ ನೋಡುತ್ತ ಕೂತೆ. ಮೈತ್ರಿ ಡಬ್ಬಿಗೆ ಬೆನ್ನು ಮಾಡಿ, ಬಾಗಿಲ ಕಡೆ ಮುಖ ಮಾಡಿ, ಚುರಮುರಿ ಮುಕ್ಕುತ್ತ ಕೂತಿದ್ದಳು. ಹೊರಗೆ ಅಂಗಳದಲ್ಲಿ ಮಗ ತಾಮ್ರದ ಎರಡು ತುದಿ ಹಿಡಿದು ಕೂಡಿಸಿದ.

ಕಾಳು ನಿಂತವೋ ಇಲ್ಲವೋ ಎಂದು ನಾನಿನ್ನೂ ಬಗ್ಗಿ ನೋಡುತ್ತಿದ್ದೆ.

"ನಿಂತ್ತು" ಅಂದಳು ಮೈತ್ರಿ, ತಿರುಗಿ ನೋಡದೆ.